ಕಂಡಕ್ಟರನ ಬುತ್ತಿ

ಕನ್ಯೆ ನೋಡಲು ಬಂದವನು ಕನ್ಯೆಯನ್ನು ನೋಡಿದ, ಎದುರಿಗಿಟ್ಟ ಉಪ್ಪಿಟ್ಟನ್ನು ನೋಡಿದ, ಮತ್ತೆ ಕನ್ಯೆಯನ್ನೇ ನೋಡಿದ. ಉಪ್ಪಿಟ್ಟನ್ನು ಮಾತ್ರ ಮುಟ್ಟಲಿಲ್ಲ.

ಚಿಕ್ಕೇರೂರಿನ ಗುದ್ಲೆಪ್ಪನ ಪಡಸಾಲೆಯಲ್ಲಿ ಮನೆಯವರ ಕಣ್ಣೆಲ್ಲ ಆ ತಟ್ಟೆಯ ಮೇಲೆ ನಿಂತಿತು. ಹುಡುಗನ ಅಣ್ಣ ಮೈಲಾರಪ್ಪ ಎರಡನೆಯ ಸಲ ಹಾಕಿಸಿಕೊಂಡು ತಿನ್ನುತ್ತಿದ್ದ. ಹುಡುಗ ಪರಮೇಶಪ್ಪ, ಹಾನಗಲ್ಲಿನವನು, ಸರ್ಕಾರಿ ಬಸ್ಸಿನ ಕಂಡಕ್ಟರ್, ತಟ್ಟೆಯ ಅಂಚನ್ನು ಬೆರಳಿನಿಂದ ಒಂದಿಷ್ಟು ಆಚೆ ಸರಿಸಿ, "ಹಸಿವಿಲ್ರಿ" ಎಂದ. ಸರಿಯಾಗಿ ಅದೇ ಗಳಿಗೆಗೆ ಅವನ ಹೊಟ್ಟೆ ಗುರ್ರೆಂದಿತು. ಬಾಗಿಲ ಮರೆಗೆ ಸರಿದಿದ್ದ ಕನ್ಯೆ ಹೊಳೆವ್ವನಿಗೂ ಅದು ಕೇಳಿಸಿತು.

ಆ ಕಡೆ ಹುಡುಗಿ ಒಪ್ಪಿಗೆಯಿಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಇಟ್ಟದ್ದನ್ನು ಮುಟ್ಟದೆ ಎದ್ದರೆ ಆಯಿತು, ಹೇಳಿದ ಹಾಗೆಯೇ. ಬಂದವರು ಹೋದ ಮೇಲೆ ಗುದ್ಲೆಪ್ಪ ಜಗುಲಿಯ ಮೇಲೆ ಕೂತು ಎಲೆ ಅಡಿಕೆ ಜಗಿದ. ಹುಡುಗಿಯ ಅವ್ವ ಗುತ್ತೆವ್ವ ಆ ತಟ್ಟೆಯನ್ನು ಎಮ್ಮೆಯ ಮುಂದೆ ಸುರಿದು, "ಇದಕ್ಕರೆ ಒಪ್ಪಿಗಿ ಆಗಲಿ" ಎಂದು ಮೂಗು ಒರೆಸಿಕೊಂಡಳು.

ಹೊಳೆವ್ವನಿಗೆ ಸಿಟ್ಟು ಬಂದರೆ ಅಳು ಬರುತ್ತಿರಲಿಲ್ಲ, ಮಾತು ಬರುತ್ತಿತ್ತು. ಅಂದು ಆ ಮಾತನ್ನು ಆಡಲು ಎದುರಿಗೆ ಆಸಾಮಿ ಇರಲಿಲ್ಲ. ಹಾಗಾಗಿ ಅದನ್ನು ಬಾಯೊಳಗೇ ಇಟ್ಟುಕೊಂಡು, ಮುಂದಿನ ಸಂತೆಯ ದಿನ ತಲೆ ಬಾಚಿ, ಹೊಸ ರವಿಕೆ ತೊಟ್ಟು, ಹಾನಗಲ್ಲಿಗೆ ಹೋಗುವ ಬಸ್ಸು ಹತ್ತಿದಳು. ಹಿರೇಕೆರೂರಿನಿಂದ ಹೊರಟು, ಚಿಕ್ಕೇರೂರು ಹಾದು, ಹಾನಗಲ್ಲು ಶಿಗ್ಗಾವಿ ಮೇಲೆ ಸವಣೂರಿಗೆ ಹೋಗುವ ಬಸ್ಸು ಅದು. ಕಂಡಕ್ಟರ್ ಯಾರೆಂದು ಅವಳಿಗೆ ಗೊತ್ತಿತ್ತು. ಹೊಸ ರವಿಕೆ ಯಾಕೆಂದು ಮಾತ್ರ ಅವಳನ್ನು ಕೇಳಬಾರದು.

ಎಂಬತ್ತಮೂರನೇ ಇಸವಿಯ ದೀಪಾವಳಿ ಆಗಷ್ಟೇ ಮುಗಿದಿತ್ತು. ಬಸ್ಸು ಕಿಕ್ಕಿರಿದಿತ್ತು. ಪರಮೇಶಪ್ಪ ಚೀಲವನ್ನು ಎದೆಗವಚಿಕೊಂಡು, ಮಂದಿಯ ನಡುವೆ ಅಡ್ಡಡ್ಡ ಸರಿಯುತ್ತ, ತಲೆ ತಗ್ಗಿಸಿ ಟಿಕೆಟ್ ಹರಿಯುತ್ತ ಬಂದ.

"ಎಲ್ಲಿಗ್ರಿ?"

"ನಮ್ಮನಿ ಉಪ್ಪಿಟ್ಟಿಗೆ ಏನಾಗಿತ್ರಿ?"

ಟಿಕೆಟ್ಟಿಗೆ ತೂತು ಹಾಕುವ ಕಬ್ಬಿಣದ ಪಂಚು ಅವನ ಕೈಜಾರಿ ಯಾರದೋ ಕಾಲ ಮೇಲೆ ಬಿತ್ತು. ಅವನು ತಲೆಯೆತ್ತಿದ. ಉದ್ದ ರೆಪ್ಪೆಯ, ಸ್ವಲ್ಪ ಗುಳಿಬಿದ್ದ ಕಣ್ಣು. ಆ ಕಣ್ಣಿನಲ್ಲಿ ಮೊದಲು ಬಂದದ್ದು ಭಯ, ಅದರ ಹಿಂದೆಯೇ ಬಂದದ್ದು ನಗು. ನಗು ಕಂಡು ಹೊಳೆವ್ವನ ಸಿಟ್ಟು ಇನ್ನಷ್ಟು ಏರಿತು.

"ನಗತೀರಿ? ನಸಿಕಿನ್ಯಾಗ ಎದ್ದು ರವಾ ಹುರದವಳು ನಾನು. ಉಪ್ಪು ಹೆಚ್ಚಾಗಿತ್ತೋ, ಕಡಿಮಿ ಬಿದ್ದಿತ್ತೋ? ಹುಡುಗಿ ಬ್ಯಾಡಂದ್ರ ಬ್ಯಾಡನ್ರಿ. ಉಪ್ಪಿಟ್ಟಿನ ಮ್ಯಾಲ್ಯಾಕ ಹೊರಸತೀರಿ?"

ಪಕ್ಕದಲ್ಲಿ ಖಾಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಬಾನುಬಿ, ಸವಣೂರಿನ ಎಲೆ ತಂದು ಊರೂರು ಮಾರುವವಳು, ಬಾಯೊಳಗಿನ ತಾಂಬೂಲವನ್ನು ಒಂದು ದವಡೆಗೆ ಸರಿಸಿದಳು. "ಅರೇ ಕಂಡಕ್ಟರ್ ಸಾಹೇಬ್ರ, ಉತ್ತರಾ ಕೊಡ್ರಿ. ಇಡೀ ಬಸ್ಸು ಕಾಯಾಕತ್ತೈತಿ."

ಮುಂದೆ ಡ್ರೈವರ್ ಗಿರಿಯಪ್ಪ ಕನ್ನಡಿಯನ್ನು ರಸ್ತೆ ಕಾಣದಂತೆ, ಇವರು ಕಾಣುವಂತೆ ತಿರುಗಿಸಿಕೊಂಡ.

"ಉಪ್ಪಿಟ್ಟಿಗೆ ಏನೂ ಆಗಿರಲಿಲ್ರಿ" ಎಂದ ಪರಮೇಶಪ್ಪ, ಮೆಲ್ಲಗೆ. "ಆಗಿದ್ದು ನನಗ. ಹಾನಗಲ್ಲದಾಗ ಬಸ್ಸು ನಿಂದ್ರತೈತಿ. ಇಳೀರಿ, ಹೇಳತೇನಿ."

ಹಾನಗಲ್ಲಿನ ಬಸ್ ನಿಲ್ದಾಣದಲ್ಲಿ ಗಿರಿಯಪ್ಪ ಚಹಾಕ್ಕೆ ಹೋದ. ಬೇವಿನ ಗಿಡದ ಕೆಳಗೆ ಇವರಿಬ್ಬರು ನಿಂತರು. ಅಷ್ಟು ದೂರದಲ್ಲಿ ಬಾನುಬಿ ಖಾಲಿ ಬುಟ್ಟಿಯೊಳಗೆ ಏನನ್ನೋ ಹುಡುಕುತ್ತ ಕೂತಳು.

ಪರಮೇಶಪ್ಪ ಹೇಳಿದ. ಸಣ್ಣವನಿದ್ದಾಗಿನಿಂದ ಅವನಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಹಬ್ಬ ಬಂದರೆ ಎಲ್ಲರೂ ಹೋಳಿಗೆ ತಿಂದು ಮಲಗುತ್ತಿದ್ದರು, ಇವನು ಹೊಟ್ಟೆ ಹಿಡಿದುಕೊಂಡು ಮಲಗುತ್ತಿದ್ದ. ದೃಷ್ಟಿ ತೆಗೆದದ್ದಾಯಿತು, ತಾಯಿತ ಕಟ್ಟಿದ್ದಾಯಿತು, ಹರಕೆ ಹೊತ್ತದ್ದಾಯಿತು. ಕಡೆಗೆ ಹುಬ್ಬಳ್ಳಿಯ ಒಬ್ಬ ಡಾಕ್ಟರು ಗಂಟಲಲ್ಲಿ ನಳಿಗೆ ಇಳಿಸಿ ನೋಡಿ, ರೋಗ ಹಿಡಿದರು.

"ಅದಕ್ಕ ಒಂದು ಇಂಗ್ಲಿಷ್ ಹೆಸರು ಹೇಳಿದ್ರು. ನನ್ನ ಬಾಯಾಗ ಅದು ನಿಂದ್ರೂದಿಲ್ಲ. ಗೋದಿ ನಿನ್ನ ಕರಳಿಗೆ ಆಗಿಬರಂಗಿಲ್ಲ, ಸಾಯೂತನಕ ಮುಟ್ಟಬ್ಯಾಡ ಅಂದ್ರು. ಗುಳಿಗಿ ಇಲ್ಲ, ಸೂಜಿ ಇಲ್ಲ. ಗೋದಿ ಬಿಟ್ಟರ ಆರಾಮ. ರವಾ, ಮೈದಾ, ಶ್ಯಾವಿಗಿ, ಬ್ರೆಡ್ಡು, ಬಿಸ್ಕೀಟು, ಎಲ್ಲಾ ಗೋದೀನ ನೋಡ್ರಿ. ಅಂಗಡಿ ಇಂಗಿನಾಗೂ ಹಿಟ್ಟು ಬೆರಸಿರತಾರಂತ."

"ಮತ್ತ ನಮ್ಮನ್ಯಾಗ ಹಿಂಗ ಅಂತ ಹೇಳಬೇಕಾಗಿತ್ತಿಲ್ಲ?"

"ಹೇಳಿದರ ಯಾರೂ ಕನ್ಯಾ ಕೊಡಂಗಿಲ್ಲ ಅಂತ ಅಣ್ಣ ಬಾಯಿ ಕಟ್ಟಿ ಕರಕೊಂಡು ಬಂದಿದ್ದ. ನಾನಂತೂ ಹೇಳಾವನ ಇದ್ದೆ. ಲಗ್ನಾನ ಬ್ಯಾಡ ಅಂತ ಮನಸ್ಸು ಮಾಡಿದ್ದೆ. ಇದ್ದದ್ದು ಹೇಳಿ, ಕೈಮುಗದು ಎದ್ದುಬರೂಣು ಅಂತನ ಬಂದಿದ್ದೆ."

"ಮತ್ತ ಯಾಕ ಹೇಳಲಿಲ್ಲ?"

ಅವನು ಪಂಚನ್ನು ಸುಮ್ಮನೆ ಒತ್ತುತ್ತ, ಬಿಡುತ್ತ ನಿಂತ. ಟಕ್, ಟಕ್ ಎಂದಿತು.

"ನಿಮ್ಮನ್ನ ನೋಡಿದೆ. ಹೇಳಾಕ ಮನಸ್ಸಾಗಲಿಲ್ಲ."

ಹೊಳೆವ್ವನ ಬಾಯಲ್ಲಿ ಇನ್ನೂ ಅರ್ಧ ಜಗಳ ಉಳಿದಿತ್ತು. ಅದೆಲ್ಲಿ ಹೋಯಿತೋ ಏನೋ. ಅವಳು ಗಿಡದ ತೊಗಟೆಯನ್ನು ಉಗುರಿನಿಂದ ಕೆರೆಯತೊಡಗಿದಳು. ಕೆರೆಯುತ್ತಲೇ, "ದಿನಾ ಮಧ್ಯಾಹ್ನ ಏನು ಉಣತೀರಿ?" ಎಂದಳು.

"ಸವಣೂರದಾಗ ಗಿರಿಯಪ್ಪ ಖಾನಾವಳಿಗೆ ಹೋಗತಾನ. ಮನ್ಯಾಗ ನಾವು ಅಣ್ಣತಮ್ಮ ಇಬ್ಬರ, ಬುತ್ತಿ ಕಟ್ಟೋರು ಯಾರೂ ಇಲ್ಲ. ನಾ ಬಾಳಿಹಣ್ಣು, ಚುರುಮುರಿ ತಿಂತೇನಿ. ಅಲ್ಲಿ ಜ್ವಾಳದ ರೊಟ್ಟೀನೂ ಸಿಗತೈತಿ, ಆದರ ಚಪಾತಿ ಹಂಚಿನ ಮ್ಯಾಲೇ ಸುಡತಾರ."

"ದಿನಾ?"

"ದಿನಾ."

ಅಂದು ಹೊಳೆವ್ವ ಸಂತೆಯಲ್ಲಿ ಏನು ಕೊಳ್ಳಲು ಬಂದಿದ್ದಳೋ ಅದೊಂದನ್ನೂ ಕೊಳ್ಳಲಿಲ್ಲ. ಒಂದು ಹೊಸ ಹಂಚು ಕೊಂಡಳು.

*

ಆ ಬಸ್ಸಿಗೆ ಊರವರು ಬುತ್ತಿಬಸ್ಸು ಎಂದೇ ಕರೆಯುತ್ತಿದ್ದರು. ಹಾನಗಲ್ಲಿನಲ್ಲೋ ಶಿಗ್ಗಾವಿಯಲ್ಲೋ ಖೋಲಿ ಹಿಡಿದು ಓದುವ ಮಕ್ಕಳಿಗೆ ಅವ್ವಂದಿರು ಬೆಳಿಗ್ಗೆ ಎದ್ದು ರೊಟ್ಟಿ ಬಡಿದು, ಪಲ್ಯ ಕಟ್ಟಿ, ಬಣ್ಣಬಣ್ಣದ ಅರಿವೆಯಲ್ಲಿ ಗಂಟು ಹಾಕಿ ಬಸ್ಸಿಗೆ ಕೊಡುತ್ತಿದ್ದರು. ಕಂಡಕ್ಟರ್ ಅವನ್ನು ಸಾಲಾಗಿ ಜೋಡಿಸಿ, ಆಯಾ ಊರಲ್ಲಿ ಇಳಿಸಬೇಕು. ಸಂಜೆ ಖಾಲಿ ಡಬ್ಬಿಗಳನ್ನು ತಿರುಗಿ ತರಬೇಕು. ಇಡೀ ತಾಲ್ಲೂಕಿನ ಊಟ ಹೊತ್ತು ತಿರುಗುವ ಮನುಷ್ಯ ತಾನು ಚುರುಮುರಿ ತಿನ್ನುತ್ತಾನೆ ಎನ್ನುವುದು ಹೊಳೆವ್ವನಿಗೆ ಸಹಿಸಲಾಗಲಿಲ್ಲ.

ಮರುದಿನ ಬಸ್ಸು ಬಂದಾಗ ಅವಳೂ ಒಂದು ಹಸಿರು ಅರಿವೆಯ ಗಂಟು ಹಿಡಿದು ನಿಂತಿದ್ದಳು.

"ಯಾರಿಗ್ರಿ ಇದು?" ಪರಮೇಶಪ್ಪ ಕೇಳಿದ. "ಹೆಸರು ಬರದಿಲ್ಲ."

"ಹಸದೋರಿಗೆ."

"ಯಾವ ಊರಾಗ ಇಳಸಬೇಕು?"

"ಹಸಿವಾದಲ್ಲಿ."

ಅವನು ಗಂಟನ್ನು ಎರಡೂ ಕೈಯಿಂದ ಇಸಿದುಕೊಂಡ. ಅವಳ ಬೆರಳು ತಾಕದ ಹಾಗೆ ಜಾಗ್ರತೆಯಿಂದ ಇಸಿದುಕೊಂಡ. ಆ ಜಾಗ್ರತೆಯೇ ಸಾಕಾಯಿತು, ಅವಳ ಬೆರಳುಗಳು ಮಧ್ಯಾಹ್ನದವರೆಗೆ ಬೆಚ್ಚಗಿದ್ದವು. "ಹೊಸ ಹಂಚು ಐತಿ" ಎಂದಳು ಅವಳು, ಎತ್ತಲೋ ನೋಡುತ್ತ. "ಅದರ ಮ್ಯಾಲೆ ಗೋದಿ ಬಿದ್ದಿಲ್ಲ. ಬೀಳೂದೂ ಇಲ್ಲ."

ಸಂಜೆ ಡಬ್ಬಿ ತಿರುಗಿ ಬಂತು. ಪಾತ್ರೆ ಬರಿದು ಕಳಿಸಬಾರದೆಂಬ ರೀತಿ ಅವನಿಗೂ ಗೊತ್ತಿತ್ತು. ಒಳಗೆ ಸವಣೂರಿನ ಎಳೆಯ ವೀಳ್ಯದೆಲೆಗಳಿದ್ದವು, ಒದ್ದೆ ಬಟ್ಟೆಯಲ್ಲಿ ಸುತ್ತಿದ್ದವು.

"ಪಲ್ಯ ಹೆಂಗಿತ್ರಿ?"

"ಉಳೀಲಿಲ್ಲ" ಎಂದ ಪರಮೇಶಪ್ಪ. ಅಷ್ಟೇ. ಆದರೆ ಅನ್ನುವಾಗ ಅವನ ಮುಖ ನೋಡಬೇಕಿತ್ತು.

ಅಂದಿನಿಂದ ಹೊಳೆವ್ವನಿಗೆ ಅಡುಗೆಯೆಂದರೆ ಹಬ್ಬವಾಯಿತು. ಮನೆಯಲ್ಲಿ ಇಲ್ಲದ್ದೇನನ್ನೂ ತರಬೇಕಿರಲಿಲ್ಲ. ಜೋಳದ ರೊಟ್ಟಿಗೆ ಪುಂಡಿಪಲ್ಯ ಒಂದು ದಿನ, ಝುಣಕ ಒಂದು ದಿನ. ನವಣೆ ಅನ್ನಕ್ಕೆ ಮಜ್ಜಿಗೆ ಸಾರು. ಇಂಗಿನ ಬದಲು ಬೆಳ್ಳುಳ್ಳಿ ಜಜ್ಜಿ ಒಗ್ಗರಣೆ. ಜೋಳದ ನುಚ್ಚು ಕುದಿಸಿ ಮೊಸರು ಕಲಸಿ, ಮೇಲೆ ಶೇಂಗಾ ಚಟ್ನಿ. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಸಿಹಿಗೆ ಅಕ್ಕಿಹಿಟ್ಟಿನ ಕಡಬು, ಒಳಗೆ ಬೆಲ್ಲ ಕೊಬ್ಬರಿ. ಗಿರಣಿಗೆ ಹೋದರೆ ಗೋಧಿ ಬೀಸಿದ ಕಲ್ಲಿಗೆ ಮೊದಲು ಎಮ್ಮೆಯ ಜೋಳ ಹಾಕಿಸಿ, ಆಮೇಲೆ ಇವನ ಜೋಳ ಹಾಕಿಸುತ್ತಿದ್ದಳು. "ಗುದ್ಲೆಪ್ಪನ ಮಗಳು ಮಡಿ ಶುರು ಮಾಡ್ಯಾಳ" ಎಂದು ಗಿರಣಿಯಲ್ಲಿ ನಕ್ಕರು. ನಗಲಿ ಬಿಡು ಎಂದುಕೊಂಡಳು.

ಇತ್ತ ಬಸ್ಸಿಗೂ ಏನೋ ಆಯಿತು. ಚಿಕ್ಕೇರೂರಿಗೆ ಬಂದ ಕೂಡಲೇ ಇಂಜಿನ್ನು ಕಾಯತೊಡಗಿತು. ಗಿರಿಯಪ್ಪ ಇಳಿದು, ಬಾನೆಟ್ ಎತ್ತಿ, ನಿಧಾನಕ್ಕೆ ನೀರು ಹೊಯ್ಯುತ್ತ ನಿಲ್ಲುತ್ತಿದ್ದ. "ಮ್ಯಾಲೆ ಮ್ಯಾಲೆ ಈ ಊರಾಗ ಬಾಳ ಕಾವು ಹತ್ತತೈತಿ" ಎನ್ನುತ್ತಿದ್ದ, ಮಾಗಿಯ ಚಳಿಯಲ್ಲಿ. ಬಾನುಬಿ ಕಿಟಕಿಯಿಂದ ತಲೆ ಹಾಕಿ, "ನೀರು ಹೊಯ್ಯಪಾ, ಅವಸರಾ ಮಾಡಬ್ಯಾಡ" ಎನ್ನುತ್ತಿದ್ದಳು.

ಆ ಸಣ್ಣ ಬಿಡುವಿನಲ್ಲಿ ಇವರಿಬ್ಬರು ಆಡಿದ ಮಾತು ಕೇಳಿದರೆ ಅಡುಗೆ ಪಾಠ ಅನ್ನಿಸೀತು.

"ಚಟ್ನಿಗೆ ಖಾರ ಹೆಚ್ಚಾತೇನ್ರಿ?"

"ಆತು."

"ಮತ್ತ ನಾಳೆ ಕಡಿಮಿ ಹಾಕಲೇನು?"

"ಬ್ಯಾಡ. ಬಾಯಿ ಉರಿಯೂತನಕ ನೀವು ನೆನಪಾಗತೀರಿ."

ಅವಳು ಸೆರಗಿನ ತುದಿ ಕಚ್ಚಿಕೊಂಡು ಮನೆಗೆ ಓಡಿದಳು. ಮರುದಿನ ಒಂದು ಮೆಣಸಿನಕಾಯಿ ಹೆಚ್ಚಿಗೆ ಹಾಕಿದಳು.

ಪರಮೇಶಪ್ಪನ ಕೆನ್ನೆ ತುಂಬುತ್ತ ಬಂತು. ಖಾಕಿ ಅಂಗಿಯ ಗುಂಡಿಗಳು ಬಿಗಿದವು. ಮೊದಲು ಶಿಗ್ಗಾವಿ ಬರುವುದರೊಳಗೆ ಸೀಟಿನ ಮೂಲೆ ಹಿಡಿದು ಕೂರುತ್ತಿದ್ದವನು ಈಗ ಸವಣೂರಿನವರೆಗೆ ಶಿಳ್ಳೆ ಹಾಕುತ್ತ ನಿಲ್ಲುತ್ತಿದ್ದ. ಅವನ ಕಣ್ಣ ಕೆಳಗಿನ ಗುಳಿ ಮಾಯವಾದ ದಿನ ಹೊಳೆವ್ವ ಅದನ್ನೇ ನೋಡುತ್ತ ಡಬ್ಬಿ ಕೊಡುವುದನ್ನು ಮರೆತಳು. ಬಸ್ಸು ಹೋಗಿಯೇಬಿಟ್ಟಿತು. ಗಿರಿಯಪ್ಪ ಅದನ್ನು ರಿವರ್ಸ್ ತಂದ.

*

ಒಂದೇ ಒಲೆಯ ಮನೆಯಲ್ಲಿ ಇದು ಮುಚ್ಚಿಡುವಂಥದ್ದಲ್ಲ. ಹೊಳೆವ್ವ ಮುಚ್ಚಿಡಲೂ ಇಲ್ಲ. ಮೊದಲ ವಾರವೇ ಎಲ್ಲವನ್ನೂ ಹೇಳಿದ್ದಳು.

"ರೋಗದ ಹುಡುಗ" ಎಂದ ಗುದ್ಲೆಪ್ಪ.

"ಇದೆಂಥಾ ರೋಗಬೇ?" ಎಂದು ಬೆರಗಾದವಳು ಗುತ್ತೆವ್ವ. ಸುತ್ತ ಹಳ್ಳಿಗಳಲ್ಲಿ ಲಗ್ನವಿದ್ದರೆ ಹೋಳಿಗೆಗೆ ಅವಳೇ ಬೇಕು. ಅವಳು ನಾದಿದ ಕಣಕ ಬೆರಳಿಗೆ ಅಂಟದೆ ಎಳೆದಷ್ಟೂ ಬರುತ್ತಿತ್ತು. "ಗೋದಿ ಸಿಗಲಿಲ್ಲ ಅಂತ ಅಳೋ ಮಂದಿ ಕಂಡೇನಿ. ಗೋದಿ ತಿಂದು ಅಳಾವನ್ನ ಈಗ ಕೇಳಿದೆ."

ಆದರೆ ದಿನವೂ ಸಂಜೆ ಬರುವ ಡಬ್ಬಿ ಅವಳ ಮನಸ್ಸನ್ನು ಮೆತ್ತಗೆ ಮಾಡಿತು. ಒಂದು ದಿನ ಪೇರಲ ಹಣ್ಣು, ಒಂದು ದಿನ ಮಲ್ಲಿಗೆ ದಂಡೆ, ಒಂದು ದಿನ ಗುತ್ತೆವ್ವನ ಮಂಡಿನೋವಿಗೆ ಹಚ್ಚುವ ಎಣ್ಣೆ. "ಹುಡುಗ ಚಲೋ ಅದಾನ" ಎಂದಳು ಎಣ್ಣೆ ತಿಕ್ಕಿಕೊಳ್ಳುತ್ತ. ಗುದ್ಲೆಪ್ಪನಿಗೆ ಹೇಳಿ ಹೇಳಿ ಒಪ್ಪಿಸಿದಳು. ಮೈಲಾರಪ್ಪ ಮತ್ತೊಮ್ಮೆ ಬಂದು, ಈ ಸಲ ಕೈಮುಗಿದು ಎಲ್ಲವನ್ನೂ ಬಿಚ್ಚಿ ಹೇಳಿದ. ಸುಗ್ಗಿ ಮುಗಿದ ಮೇಲೆ ನಿಶ್ಚಯ ಎಂದು ಮಾತಾಯಿತು.

ಸುಗ್ಗಿ ಬಂತು. ಬಿಳಿಜೋಳದ ಕೊಯ್ಲು. ಹೊಳೆವ್ವ ಹೊತ್ತು ಮೂಡುವ ಮೊದಲೇ ಅಪ್ಪನ ಜೊತೆ ಹೊಲಕ್ಕೆ ಹೋಗಬೇಕಾಯಿತು. ಬುತ್ತಿ ಅವ್ವನ ಕೈಗೆ ಬಂತು.

"ಹೊಸ ಹಂಚು ಬ್ಯಾರೆ, ಹಿಟ್ಟು ನಾದೋ ಪರಾತ ಬ್ಯಾರೆ. ಮರೀಬ್ಯಾಡಬೇ ಯವ್ವ."

"ನನಗ ರೊಟ್ಟಿ ಬಡಿಯಾಕ ಕಲಿಸಾಕ ಬಂದಿ? ಹೋಗು ಹೋಗು."

ಮೊದಲು ಅರ್ಧ ರೊಟ್ಟಿ ಉಳಿದು ಬಂತು. ಆಮೇಲೆ ಮುಟ್ಟದ ಡಬ್ಬಿಯೇ ತಿರುಗಿ ಬಂತು. ಆಮೇಲೆ ಬಸ್ಸಿನ ಬಾಗಿಲಲ್ಲಿ ಬೇರೆ ಕಂಡಕ್ಟರ್ ನಿಂತಿದ್ದ.

ಹೊಳೆವ್ವ ಹೊಲದಿಂದಲೇ ಓಡಿಬಂದು ಗಿರಿಯಪ್ಪನನ್ನು ಕೇಳಿದಳು. ಅವನು ಅಂದು ಇಂಜಿನ್ನಿಗೆ ನೀರು ಹೊಯ್ಯಲಿಲ್ಲ. "ಮಲಗ್ಯಾನ ತಂಗಿ. ಹೊಟ್ಟಿ ಮತ್ತ ಮೊದಲಿನಂಗ ಕೆಟ್ಟೈತಿ. ಏನೂ ನಿಂದ್ರವಲ್ದು."

ಎರಡು ದಿನಕ್ಕೆ ಮೈಲಾರಪ್ಪ ಬಂದ. ಪಡಸಾಲೆಯಲ್ಲಿ ನಿಂತೇ ಹೇಳಿದ. ತಮ್ಮ ಬೇಡ ಎನ್ನುತ್ತಿದ್ದಾನೆ. ಡಾಕ್ಟರು ಹೇಳಿದ್ದನ್ನೆಲ್ಲ ಪಾಲಿಸಿದರೂ ರೋಗ ತಿರುಗಿ ಬಂದಿದೆ. ಇನ್ನು ಇದು ವಾಸಿಯಾಗುವಂಥದ್ದಲ್ಲ. ಹುಡುಗಿಯ ಬಾಳು ಹಾಳು ಮಾಡಲು ಅವನಿಗೆ ಮನಸ್ಸಿಲ್ಲ. ಹೊಳೆವ್ವನಿಗೆ ಅಂದು ಮಾತು ಬರಲಿಲ್ಲ, ಮೊದಲ ಸಲ ಅಳು ಬಂತು.

ಅತ್ತು ಮುಗಿದ ಮೇಲೆ ಅವಳು ಒಲೆಯ ಮುಂದೆ ಕೂತಳು. ರೊಟ್ಟಿಯೊಂದು ಬುಟ್ಟಿಯಲ್ಲಿತ್ತು, ಅಂದು ಬೆಳಿಗ್ಗೆ ಅವ್ವ ರೂಢಿಯಂತೆ ಬುತ್ತಿಗೆಂದು ಬಡಿದು, ಕಳಿಸಲಾಗದೆ ಉಳಿಸಿದ್ದು. ಸುಮ್ಮನೆ ಮುರಿದಳು. ಮುರಿಯಲಿಲ್ಲ, ಜಗ್ಗಿತು.

ಜೋಳದ ರೊಟ್ಟಿ ಜಗ್ಗುವುದಿಲ್ಲ. ತಣ್ಣಗಾದರೆ ಪಟ್ಟನೆ ಮುರಿಯುತ್ತದೆ. ಅಂಚು ಬಿರಿದಿರುತ್ತದೆ. ಇದರ ಅಂಚು ಚಂದ್ರನ ಹಾಗೆ ನುಣ್ಣಗಿತ್ತು.

"ಯವ್ವಾ, ಇದರಾಗ ಏನು ಹಾಕೀದಿ?"

ಗುತ್ತೆವ್ವ ಮೊದಲು ಏನಿಲ್ಲ ಎಂದಳು. ಮಗಳ ಮುಖ ನೋಡಿ ಅಲ್ಲೇ ಕುಸಿದು ಕೂತಳು. "ಒಂದು ಹಿಡಿ ಹಾಕತಿದ್ದೆ, ಒಂದ ಹಿಡಿ. ಅಳಿಯ ಆಗೋನಿಗೆ ಬರೇ ಜ್ವಾಳ ಕಳಸತಾಳ ಅಂದ್ರ ಮಂದಿ ಮಾರಿಗೆ ಉಗಳಂಗಿಲ್ಲೇನು? ಮನ್ಯಾಗ ಬಂಗಾರದಂಥ ಗೋದಿ ಇಟಗೊಂಡು? ರೊಟ್ಟಿ ಮೆತ್ತಗಾಗಲಿ, ಮೈಯಾಗ ಒಂದೀಟು ಕಸುವು ಬರಲಿ ಅಂತ... ಒಂದು ಹಿಡಿ ಗೋದಿ ಯಾರನ್ನ ಕೊಲ್ಲತೈತಿ ಹೊಳಿ?"

ಹೇಳುತ್ತ ಹೇಳುತ್ತಲೇ ಅವಳಿಗೆ ಅರ್ಥವಾಯಿತು. ಸೆರಗನ್ನು ಬಾಯಿಗೆ ಅದುಮಿಕೊಂಡಳು. ಹೊಳೆವ್ವ ಸಿಟ್ಟಾಗಲು ನೋಡಿದಳು, ಆಗಲಿಲ್ಲ. ಅವ್ವನ ತಪ್ಪಿನ ತುಂಬ ಪ್ರೀತಿಯೇ ಇತ್ತು. ಎದ್ದು ಮುಖ ತೊಳೆದಳು.

"ಏಳಬೇ. ಹಾನಗಲ್ಲಕ್ಕ ಹೋಗೂಣು."

"ನಾ ಬರಂಗಿಲ್ಲ. ಯಾವ ಮಾರಿ ತೋರಸಲಿ?"

"ಇದ್ದ ಮಾರೀನ ತೋರಸು. ಹಂಚು ತಗೋ, ನುಚ್ಚು ತಗೋ. ನಡಿ."

*

ಪರಮೇಶಪ್ಪ ಹೊರಸಿನ ಮೇಲೆ ಗೋಡೆಗೆ ಒರಗಿ ಕೂತಿದ್ದ. ಅಷ್ಟು ಕಷ್ಟಪಟ್ಟು ತುಂಬಿಸಿದ ಕೆನ್ನೆ ಮತ್ತೆ ಇಳಿದುಹೋಗಿತ್ತು. ಹೊಳೆವ್ವ ಬಾಗಿಲಲ್ಲಿ ಕಂಡಾಗ ಅಂಗಿಯ ಗುಂಡಿ ಹಾಕಿಕೊಂಡ.

"ಯಾಕ ಬಂದ್ರಿ? ಅಣ್ಣ ಹೇಳಲಿಲ್ಲೇನು?"

"ಹೇಳಿದ್ರು. ನಿಮ್ಮ ಬಾಯಿಂದ ಕೇಳಾಕ ಬಂದೇನಿ."

ಅವನು ಅವಳನ್ನು ನೋಡಲಿಲ್ಲ. ಕಿಟಕಿಯ ಸರಳನ್ನು ನೋಡುತ್ತ ಮಾತಾಡಿದ. "ಗೋದಿ ಬಿಟ್ಟರ ಆರಾಮ ಅಂದಿದ್ರು. ಬಿಟ್ಟೆ. ಹೊರಗ ನಿಮ್ಮ ಕೈ ಬಿಟ್ಟು ಬ್ಯಾರೆ ಯಾರ ಕೈಯಾಗೂ ಉಣ್ಣಲಿಲ್ಲ. ಆದರೂ ಬಂತು. ಅಂದ್ರ ಒಳಗ ಏನೋ ಪೂರ್ತಿ ಕೆಟ್ಟೈತಿ. ಇದು ಹಿಂಗ ಹೋಗಿ ಹೋಗಿ ಒಂದಿನ... ನಿಮ್ಮನ್ನ ಅದರಾಗ ಯಾಕ ಎಳೀಲಿ?"

ಹೊಳೆವ್ವ ಬಾಯಿ ತೆರೆಯುವ ಮೊದಲೇ, ಹಿಂದೆ ನಿಂತಿದ್ದ ಗುತ್ತೆವ್ವ ಮುಂದೆ ಬಂದು ಹೊರಸಿನ ಕಾಲಬಳಿ ಕೂತಳು. ಎಲ್ಲವನ್ನೂ ಹೇಳಿದಳು. ಒಂದು ಹಿಡಿ ಹಿಟ್ಟು, ಮೆತ್ತನೆಯ ರೊಟ್ಟಿ, ಮಂದಿಯ ಮಾತು. "ನಿನಗ ವಿಷಾ ಹಾಕಿದೆ ನನ್ನಪ್ಪಾ. ಬೇಕಾದ್ದು ಅನ್ನು. ನನ್ನ ಮಗಳನ್ನ ಮಾತ್ರ ಬಿಡಬ್ಯಾಡ."

ಪರಮೇಶಪ್ಪ ಗೋಡೆಯಿಂದ ಬೆನ್ನೆತ್ತಿ ನೇರ ಕೂತ. ಹೊಳೆವ್ವ ಅವನ ಮುಖವನ್ನೇ ನೋಡಿದಳು. ಅವನು ಸಿಟ್ಟಾದರೆ ತಪ್ಪಿಲ್ಲ, ಇವರ ಮನೆಯ ನೀರನ್ನೂ ಇನ್ನು ಮುಟ್ಟುವುದಿಲ್ಲ ಎಂದರೆ ತಪ್ಪಿಲ್ಲ.

"ಗೋದಿ ಹಾಕಿದ್ರಿ?" ಎಂದ ಅವನು.

"ಹೌದಪಾ."

"ಖರೇನ ಹಾಕಿದ್ರಿ? ದಿನಾ?"

"ದಿನಾ ಒಂದು ಹಿಡಿ."

ಅವನ ಮುಖದ ಮೇಲೆ ಏನೋ ಬಿಚ್ಚಿಕೊಳ್ಳತೊಡಗಿತು. ಮೊದಲು ತುಟಿಯ ಮೂಲೆ, ಆಮೇಲೆ ಕೆನ್ನೆ, ಆಮೇಲೆ ಕಣ್ಣು. ಅವನು ನಕ್ಕ. ಹೊಟ್ಟೆ ಹಿಡಿದುಕೊಂಡು, ನೋವಾದರೂ ಬಿಡದೆ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ಒಳಮನೆಯಿಂದ ಮೈಲಾರಪ್ಪ ಗಾಬರಿಯಾಗಿ ಓಡಿಬಂದ.

"ಅಣ್ಣಾ, ಗೋದಿ ಅಂತೋ! ರೋಗ ತಿರಗಿ ಬಂದಿಲ್ಲೋ, ಗೋದಿ ಹೊಟ್ಟಿಗೆ ಹೋಗಿತ್ತಂತ! ಅಂದ್ರ ಬಿಟ್ಟರ ಮತ್ತ ಆರಾಮ ಆಗತೇನಿ. ಡಾಕ್ಟರ ಮಾತು ಖರೇ ಐತಿ. ನಾ ಕೆಟ್ಟಿಲ್ಲೋ ಅಣ್ಣಾ!" ಅವನು ಬಗ್ಗಿ ಗುತ್ತೆವ್ವನ ಎರಡೂ ಕೈ ಹಿಡಿದುಕೊಂಡ. "ಏಳ್ರಿ ಅತ್ತಿ. ಇಷ್ಟು ಚಲೋ ಸುದ್ದಿ ಯಾರೂ ತಂದಿದ್ದಿಲ್ಲ ನನಗ."

ಅತ್ತೆ ಎಂದು ಕರೆಸಿಕೊಂಡ ಗುತ್ತೆವ್ವ ಇನ್ನಷ್ಟು ಅತ್ತಳು. ಆದರೆ ಅದು ಬೇರೆ ಅಳು. ಕಣ್ಣೊರೆಸಿಕೊಂಡು ನೇರ ಅಡುಗೆಮನೆಗೆ ಹೋಗಿ, "ನುಚ್ಚು ಕುದಸತೇನಿ. ಯಾರರೆ ಬಂದು ಬಾಜೂಕ ನಿಂತು ನೋಡ್ರಿ. ನನ್ನ ಮ್ಯಾಲೆ ನನಗ ನಂಬಿಕಿಲ್ಲ" ಎಂದಳು. ಮೈಲಾರಪ್ಪ ಹೋಗಿ ಕಾವಲು ನಿಂತ. ನುಚ್ಚು ಇಳಿದ ಮೇಲೆ ಗುತ್ತೆವ್ವ ತಾನೇ ಬಟ್ಟಲು ಹಿಡಿದು ಕೂತಳು, ಪರಮೇಶಪ್ಪ ನಿಧಾನಕ್ಕೆ ಒಂದೊಂದೇ ಚಮಚ ಕುಡಿದ. ಹೊಳೆವ್ವ ಬಾಗಿಲಿಗೆ ಒರಗಿ ಅವನ ಗಂಟಲಲ್ಲಿ ಪ್ರತಿ ತುತ್ತೂ ಇಳಿಯುವುದನ್ನು ನೋಡಿದಳು. ಅವಳಿಗೆ ಜೀವ ಬಂದ ಹಾಗಾಯಿತು.

ಹೊರಡುವ ಮೊದಲು ಅವಳು ಪಾತ್ರೆ ತೊಳೆಯಲು ಹಿತ್ತಲಿಗೆ ಹೋದಳು. ಸ್ವಲ್ಪ ಹೊತ್ತಿಗೆ ಅವನು ಗೋಡೆ ಹಿಡಿಯುತ್ತ ಬಂದು ಬಚ್ಚಲ ಕಲ್ಲಿನ ಮೇಲೆ ಕೂತ. ಸಂಜೆ ಬಿಸಿಲು ನುಗ್ಗೆ ಗಿಡದ ಎಲೆಗಳಿಂದ ಸೋಸಿ ಅವನ ಮುಖದ ಮೇಲೆ ಬೀಳುತ್ತಿತ್ತು.

"ನನ್ನನ್ನ ಕೇಳದ ಬ್ಯಾಡ ಅಂತ ಹೇಳಿ ಕಳಿಸಿದ್ರಲ್ಲ" ಎಂದಳು ಅವಳು, ಪಾತ್ರೆಯಿಂದ ಕಣ್ಣೆತ್ತದೆ. "ನಾ ಬ್ಯಾಡಾಗಿದ್ದೆನೇನು?"

"ಬೇಕಾಗಿದ್ರಿ. ಬಾಳ ಬೇಕಾಗಿದ್ರಿ. ಬಸ್ಸು ಚಿಕ್ಕೇರೂರ ಹಾದಿ ಹಿಡದರ ನನ್ನ ಎದಿ ಮುಂದ ಹೋಗಿ ನಿಮ್ಮ ಮನಿ ಮುಂದ ನಿಂದ್ರತ್ತಿತ್ತು. ಅದಕ್ಕ ಬ್ಯಾಡ ಅಂದೆ."

"ಇನ್ನ ಮ್ಯಾಲೆ ಅನ್ನಂಗಿಲ್ಲ?"

"ಅನ್ನಂಗಿಲ್ಲ." ಅವನು ತಡೆದು ಹೇಳಿದ, "ಆದರ ಒಂದು ಮಾತು. ನನ್ನ ಸಲುವಾಗಿ ನೀವು ಏನೂ ಬಿಡಬಾರದು. ಗೋದಿ ನನಗ ಬ್ಯಾಡಾಗೇತಿ, ನಿಮಗಲ್ಲ."

ಹೊಳೆವ್ವ ಪಾತ್ರೆ ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟಳು. ಅವಳ ಮಾತು ತಿರುಗಿ ಬಂದಿತ್ತು.

"ಬಿಡತೇನಿ ಅಂತ ಯಾರು ಅಂದ್ರು? ನಮ್ಮವ್ವನ ಹೋಳಿಗಿ ಬಿಡು ಅಂದ್ರ ಬ್ಯಾರೆ ಗಂಡು ನೋಡತೇನಿ. ತವರಮನಿಗೆ ಬಂದಾಗ ಹೊಟ್ಟಿ ಬಿರಿಯೂವಂಗ ತಿಂತೇನಿ. ಉಗುರು ಸೈತ ತಿಕ್ಕಿ ಕೈ ತೊಳಕೊಂಡು ನಿಮ್ಮ ಬಸ್ಸು ಹತ್ತತೇನಿ. ಸಾಕಲ್ಲ?"

ಅವನು ನೆಲ ನೋಡಿದ. ಅವನ ಕಿವಿ ಕೆಂಪಾದದ್ದು ಅವಳಿಗೆ ಕಂಡಿತು, ಯಾಕೆಂದು ತಿಳಿಯಲಿಲ್ಲ.

"ಕೈ ಅಷ್ಟ ತೊಳಕೊಂಡರ ಸಾಲಂಗಿಲ್ಲ."

"ಮತ್ತ?"

"ಬಾಯೀನೂ ತೊಳಕೋಬೇಕಾಗತೈತಿ."

"ಬಾಯಿ ಯಾಕ? ನಾ ತಿಂದದ್ದು ನನ್ನ ಬಾಯಾಗ ಇರತೈತಿ. ನನ್ನ ಬಾಯಾಗಿಂದು ನಿಮಗ ಹೆಂಗ..."

ಮಾತು ಅಲ್ಲಿಗೇ ನಿಂತಿತು. ಅವಳು ಅವನನ್ನು ನೋಡಿದಳು. ಅವನೂ ಈಗ ತಲೆಯೆತ್ತಿ ನೋಡುತ್ತಿದ್ದ, ಕಣ್ಣು ತಪ್ಪಿಸದೆ, ತುಂಬ ನಾಚುತ್ತ, ತುಂಬ ಧೈರ್ಯದಿಂದ. ಹೊಳೆವ್ವನ ಮುಖಕ್ಕೆ ಬಿಸಿ ಏರಿತು.

"ಮುಂಜಾನೆ ಏನು ತಿಂದಿದ್ರಿ?" ಅವನು ಮೆಲ್ಲಗೆ ಕೇಳಿದ.

"ಚಪಾತಿ" ಎಂದಳು, ಇನ್ನೂ ಮೆಲ್ಲಗೆ.

ಒಳಗಿನಿಂದ ಗುತ್ತೆವ್ವನ ದನಿ ಬಂತು. "ಹೊಳೀ! ಬಸ್ಸಿನ ಹೊತ್ತಾತಲ್ಲಬೇ. ಏನು ಮಾಡಾಕತ್ತಿ ಅಲ್ಲಿ?"

"ಬಂದೆ ಯವ್ವಾ" ಎಂದು ಕೂಗಿದಳು ಹೊಳೆವ್ವ. "ಬಾಯಿ ತೊಳಕೊಳ್ಳಾಕತ್ತೇನಿ!"

ಪರಮೇಶಪ್ಪ ಎದ್ದು, ಹಂಡೆಯಿಂದ ತಂಬಿಗೆ ತುಂಬಿ ನೀರು ಕೊಟ್ಟ.